ನಿಮ್ದು ಎಷ್ಟು ರಾಜ್ಯ ಆಯ್ತು?

ನ್ಯೂಜೆರ್ಸಿಯಲ್ಲಿ ಆನ್‌ಸೈಟ್ ಇದ್ದಾಗ ವೀಕೆಂಡ್ ಬಂತೆಂದರೆ ನಮ್ಮ ಹುಡುಗರ ಬಾಯಲ್ಲಿ ಎರಡೇ ಮಾತು. ಒಂದು, ಇಂಡಿಯನ್ ಅಂಗಡಿಗೆ ಮೆಂತ್ಯ ಸೊಪ್ಪು ಬಂದಿದೆಯಾ. ಇನ್ನೊಂದು, "ನಿಮ್ದು ಎಷ್ಟು ರಾಜ್ಯ ಆಯ್ತು?" ಅಮೆರಿಕದ 50 ರಾಜ್ಯಗಳ ಖಾಲಿ ನಕ್ಷೆ ಇರುವ ಆ್ಯಪ್ ಎಲ್ಲರ ಫೋನಿನಲ್ಲೂ ಇತ್ತು. ಹೋಗಿಬಂದ ರಾಜ್ಯವನ್ನು ಒತ್ತಿದರೆ ಅದಕ್ಕೆ ಬಣ್ಣ ಬರುತ್ತದೆ, ಅಷ್ಟೇ. ಅಂಥ ಆ್ಯಪ್ ಬರೆಯೋಕೆ ಒಂದು ಸಂಜೆ ಸಾಕು. ಅದನ್ನು ಮುಂದಿಟ್ಟುಕೊಂಡು ಜಗಳಾಡೋಕೆ ಎರಡು ವರ್ಷದ ವೀಸಾ ಸಾಲಲಿಲ್ಲ.

ಜಗಳ ಯಾಕೆ ಅಂದರೆ, "ಹೋಗಿಬಂದೆ" ಅನ್ನೋದಕ್ಕೆ ಅರ್ಥ ಏನು? ವಿಮಾನ ಬದಲಿಸಲು ಶಿಕಾಗೋದಲ್ಲಿ ಐದು ಗಂಟೆ ಕೂತರೆ ಇಲಿನಾಯ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಏರ್‌ಪೋರ್ಟ್ ನಡೆಯೋಲ್ಲ ಅಂತ ಬಹುಮತದ ತೀರ್ಪು. ನೆಲಕ್ಕೆ ಕಾಲು ಊರಿದರೆ ಸಾಕು ಎನ್ನುವವರದು ಒಂದು ಪಕ್ಷ, ಒಂದು ಊಟವಾದರೂ ಆಗಿರಬೇಕು ಎನ್ನುವವರದು ಇನ್ನೊಂದು. ಒಂದು ರಾತ್ರಿ ಮಲಗಿರಲೇಬೇಕು ಎನ್ನುವ ಮಡಿವಂತರೂ ಇದ್ದರು. ಯೂಟಾ, ಕೊಲರಾಡೋ, ಆರಿಜೋನಾ, ನ್ಯೂ ಮೆಕ್ಸಿಕೋ ಒಂದೇ ಬಿಂದುವಿನಲ್ಲಿ ಕೂಡುವ ಫೋರ್ ಕಾರ್ನರ್ಸ್‌ನಲ್ಲಿ, ಕೈ ಕಾಲು ನಾಲ್ಕನ್ನೂ ನಾಲ್ಕು ಕಡೆ ಊರಿ ಫೋಟೋ ತೆಗೆಸಿಕೊಂಡು ಬಂದವನೊಬ್ಬನನ್ನು ಮಡಿವಂತರು ತಿಂಗಳುಗಟ್ಟಲೆ ಒಪ್ಪಲಿಲ್ಲ. ನಾರ್ತ್ ಡಕೋಟಾಕ್ಕೆ ಎಲ್ಲರೂ ಕೊನೆಗೇ ಹೋಗೋದು ಎಂದು ಗೊತ್ತಿರುವ ಫಾರ್ಗೋದ ಮಂದಿ, 50ನೆಯ ರಾಜ್ಯವಾಗಿ ತಮ್ಮಲ್ಲಿಗೆ ಬಂದವರಿಗೆ ಸರ್ಟಿಫಿಕೇಟ್ ಕೊಡುತ್ತಾರೆ. ಆ ಊರು ನೋಡದಿದ್ದರೂ ಅದರ ಮೇಲೆ ನನಗೆ ಪ್ರೀತಿ.

ನನ್ನದು ಹದಿನಾಲ್ಕು. ಅದರಲ್ಲಿ ಡೆಲವೇರ್ ಸ್ವಲ್ಪ ಅನುಮಾನದ್ದು. ವಾಷಿಂಗ್ಟನ್ ಕಡೆ ಹೋಗುವಾಗ ಹೆದ್ದಾರಿ ಆ ರಾಜ್ಯದ ಒಂದು ಮೂಲೆಯನ್ನು ಅರ್ಧ ಗಂಟೆಯೊಳಗೆ ದಾಟಿಸಿಬಿಡುತ್ತದೆ. 4 ಡಾಲರ್ ಟೋಲ್ ಕಟ್ಟಿದೆವು, ನಿಲ್ಲಿಸಿ ಕಾಫಿ ಕುಡಿದೆವು. ಬಣ್ಣ ಬಳಿದೆ.

ವಾಪಸ್ ಬಂದ ವರ್ಷ ಎಳ್ಳ ಅಮಾಸಿಗೆ ಊರಿಗೆ ಹೋದೆ. ಬೆಂಗಳೂರಿನವರಿಗೆ ಈ ಹಬ್ಬದ ಗುರುತಿಲ್ಲ. ನಮ್ಮ ಕಲಬುರಗಿ ಸೀಮೆಯಲ್ಲಿ ಅವತ್ತು ಮನೆಗೆ ಬೀಗ ಹಾಕಿ ಎಲ್ಲರೂ ಹೊಲಕ್ಕೆ ಹೋಗ್ತಾರೆ. ಸಜ್ಜಿ ರೊಟ್ಟಿ, ಕಡಬು, ಅಂಬಲಿ, ಮತ್ತೆ ಭಜ್ಜಿ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಹಸಿ ಕಾಳು ಕಾಯಿಪಲ್ಲೆ ಎಲ್ಲ ಕೂಡಿಸಿ ಕುದಿಸಿದ್ದು. ನಮ್ಮ ಹಳ್ಳಿ ಅಫಜಲಪುರ ತಾಲ್ಲೂಕಿನ ತುದಿಗಿದೆ. ಇನ್ನೊಂದಿಷ್ಟು ದೂರ ಹೋದರೆ ದುಧನಿ, ಮಹಾರಾಷ್ಟ್ರ. ಬೋರ್ಡು ಮರಾಠಿ, ಮಾತು ಕನ್ನಡ.

ಬನ್ನಿ ಗಿಡದ ಕೆಳಗೆ ಊಟ ಮುಗಿಸಿ ತಮ್ಮಂದಿರಿಗೆ ನಕ್ಷೆ ತೋರಿಸ್ತಾ ಕೂತಿದ್ದೆ. ಆಯಿ, ಅಂದರೆ ನಮ್ಮ ಅಜ್ಜಿ, ಫೋನು ಇಸಿದುಕೊಂಡು ನೋಡಿದಳು.

"ಒಂದ್ ರಾಜ್ಯ ಮುಗದು ಇನ್ನೊಂದ್ ಚಾಲೂ ಆಯ್ತಂತ ಹ್ಯಾಂಗ ಗೊತ್ತಾಗ್ತದ? ನಾಕಾ ಇರ್ತದೇನು?"

"ಇಲ್ಲ ಆಯಿ, ಬೋರ್ಡ್ ಇರ್ತದ. ಒಂದ್ ಕಡಿ ಮಾತ್ರ ರೊಕ್ಕ ತಗೊಂಡ್ರು."

"ಹಂಗಾರ ಅದೊಂದು ಖರೇ ರಾಜ್ಯ," ಅಂದಳು. ಡೆಲವೇರ್ ಪಾಸ್ ಆಯ್ತು.

ಆಯಿಯ ತವರು ಆಳಂದ ತಾಲ್ಲೂಕು. ಆಕೆ ಸಣ್ಣಾಕಿ ಇದ್ದಾಗ ಅದು ನಿಜಾಮನ ಹೈದರಾಬಾದ್. ಅಪ್ಪನ ಚಕ್ಕಡಿಯಲ್ಲಿ ಅಕ್ಕಲಕೋಟೆ ಸಂತೆಗೆ ಹೋಗುವಾಗ ಕರೋಡಗಿರಿ ನಾಕಾದಲ್ಲಿ ಸುಂಕದವರು ಚೀಲ ಚುಚ್ಚಿ ನೋಡುತ್ತಿದ್ದರಂತೆ. ಅಕ್ಕಲಕೋಟೆಯದು ಬೇರೆ ಸಂಸ್ಥಾನ, ಬೇರೆ ರಾಜ. ಈಚೆ ಹಾಲಿ ರೂಪಾಯಿ, ಆಚೆ ಕಲ್ದಾರ ರೂಪಾಯಿ. ಆದರೆ ಬಳಗದವರ ಮನೆಗೆ ಉಮರ್ಗಾಕ್ಕೆ ಹೋಗುವಾಗ ಯಾವ ನಾಕಾನೂ ಇಲ್ಲ, ಯಾಕಂದರೆ ಉಮರ್ಗಾನೂ ನಿಜಾಮನದೇ. ಈಗ ಎರಡೂ ಮಹಾರಾಷ್ಟ್ರ. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತ್ತು, ಸೇರಲಿಲ್ಲ. ನನ್ನ ಆ್ಯಪ್ ಇದನ್ನೆಲ್ಲ ಹ್ಯಾಂಡಲ್ ಮಾಡೋಲ್ಲ. ಅದರ ಡೇಟಾಬೇಸ್‌ನಲ್ಲಿ ರಾಜ್ಯ ಅಂದರೆ ಅಲುಗದ ವಸ್ತು, ಅಲೆಯೋದು ಮನುಷ್ಯ.

ಆಯಿಯದು ಉಲ್ಟಾ. ದೇಶಕ್ಕೆ ಸ್ವಾತಂತ್ರ್ಯ ಬಂದು 13 ತಿಂಗಳ ಮೇಲೆ, 1948ರ ಸೆಪ್ಟೆಂಬರ್ 17ಕ್ಕೆ, ನಿಜಾಮ ಶರಣಾದ. ಹೈದರಾಬಾದ್ ಭಾರತದೊಳಗಿನ ರಾಜ್ಯವಾಯಿತು. 1956ರ ನವೆಂಬರ್ 1ಕ್ಕೆ ಅದನ್ನು ಮೂರು ಪಾಲು ಮಾಡಿದಾಗ ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿಯವು ಮುಂಬಯಿಗೆ, ನಮ್ಮ ಬೀದರ್, ಗುಲಬರ್ಗಾ, ರಾಯಚೂರು ಮೈಸೂರಿಗೆ ಹೋದವು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. "ಮೈಸೂರ್ ಸರ್ಕಾರದಾಗ ಹದಿನೇಳ್ ವರ್ಷ ಇದ್ದೆ, ಮೈಸೂರ್ ಒಂದಿನಾ ನೋಡ್ಲಿಲ್ಲ," ಎಂದು ಆಯಿ ನಕ್ಕಳು. ಆಮೇಲೆ 2014ಕ್ಕೆ ಗುಲಬರ್ಗಾ ಹೋಗಿ ಕಲಬುರಗಿ, 2019ಕ್ಕೆ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ. ಜೇವರ್ಗಿಗೆ ಕೊಟ್ಟ ನಮ್ಮ ಅತ್ತಿಯೂ ಸುಮ್ಮನಿರಲಿಲ್ಲ. ಅವಳ ಊರು ಈಗ ಜೇವರ್ಗಿಯಿಂದ ಒಡೆದ ಹೊಸ ಯಡ್ರಾಮಿ ತಾಲ್ಲೂಕಿಗೆ ಹೋಗಿದೆ. "ನಾನೂ ತಾಲ್ಲೂಕ್ ಬದಲಿ ಮಾಡೀನಿ, ಬರ್ಕೋ!"

ಇಷ್ಟು ಹೊತ್ತೂ ಮಾತಾಡದೆ ಕೂತವನು ಕಾಕಾ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಪುಣೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೋಗೋದು ಹೊಸದಲ್ಲ. ರಾಶಿ ಮುಗಿದ ಮೇಲೆ ಓಣಿಗಳು ಅರ್ಧ ಖಾಲಿ. ಕಾಕಾ ಮೊದಲು ಹೈದರಾಬಾದಿಗೆ, ನಡುವೆ ಒಂದು ಬೇಸಿಗೆ ಗೋವಾಕ್ಕೆ, ಆಮೇಲೆ ಹನ್ನೊಂದು ವರ್ಷ ಪುಣೆಗೆ ಹೋಗಿದ್ದ. ಹೈದರಾಬಾದೇ ಒಂದು ತೊಡಕು. ಆಯಿ ಹುಟ್ಟಿದಾಗ ಅದು ನಮ್ಮದೇ ರಾಜಧಾನಿ, ಕಾಕಾ ಹೋದಾಗ ಆಂಧ್ರಪ್ರದೇಶ, ಈಗ ತೆಲಂಗಾಣ. ಇರಲಿ ಅಂತ ಭಾರತದ ನಕ್ಷೆ ತೆಗೆದೆ.

"ಕಾಕಾ, ನಿಂದು ಹಚ್ಚೋಣು. ಮಹಾರಾಷ್ಟ್ರ, ತೆಲಂಗಾಣ, ಗೋವಾ..."

"ಅವು ಹಚ್ಚಬ್ಯಾಡ. ಅಲ್ಲಿ ನಾ ಏನೂ ನೋಡಿಲ್ಲ."

"ಹನ್ನೊಂದ್ ವರ್ಷ ಪುಣೇದಾಗ ಇದ್ದಿ!"

"ಇದ್ದೆ. ಸ್ಲ್ಯಾಬ್ ಹಾಕೋದು, ಮಕ್ಕೋಳೋದು. ಬಿಲ್ಡಿಂಗ್ ಮುಗದ ಮ್ಯಾಲ ವಾಚ್‌ಮನ್ ಒಳಗ ಬಿಡಂಗಿಲ್ಲ."

ಕೆಲಸ ಎಲ್ಲಿ ಅಂತ ಕೇಳಿದೆ. ಬಹಳ ವರ್ಷ ಹಿಂಜವಡಿಯಲ್ಲಿ. ನಾನು ಅಲ್ಲಿಗೆ ಹೋಗಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂರು ದಿನದ ಟ್ರೇನಿಂಗ್, ಗಾಜಿನ ಕಟ್ಟಡದ ಆರನೇ ಮಹಡಿ. ಕೊರಳಲ್ಲಿ ಐಡಿ ಕಾರ್ಡ್ ಇದ್ದದ್ದಕ್ಕೆ ವಾಚ್‌ಮನ್ ಸಲಾಂ ಹೊಡೆದಿದ್ದ. ಆ ಮೂರು ದಿನಕ್ಕೆ ನನ್ನ ನಕ್ಷೆಯಲ್ಲಿ ಮಹಾರಾಷ್ಟ್ರಕ್ಕೆ ಬಣ್ಣ ಇದೆ. ನಮ್ಮ ಟೀಮಿನ ಮಡಿವಂತರ ನಿಯಮ ಹಿಡಿದರೂ ಕಾಕಾನ ಖಾತೆಯಲ್ಲಿ ಮೂರು ಸಾವಿರಕ್ಕೆ ಕಡಿಮೆ ಇಲ್ಲದಷ್ಟು ರಾತ್ರಿಗಳಿವೆ. ಅದನ್ನು ಹೇಳಿದೆ. ಅವನು ಒಪ್ಪಲಿಲ್ಲ. ಸಿಟ್ಟಿನಿಂದೇನೂ ಅಲ್ಲ, ತೂಕದಲ್ಲಿ ಮೋಸ ಆಗಬಾರದು ಅನ್ನುವ ವ್ಯಾಪಾರಿಯ ಹಾಗೆ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಅಂದ, "ಹಚ್ಚಲೇಬೇಕಂದ್ರ ಪಂಢರಾಪುರ ಹಚ್ಚು. ಅಲ್ಲಿಗಿ ಕೆಲಸಕ್ಕ ಹೋಗಿಲ್ಲ. ನಿಮ್ಮ ಕಾಕೀನ ಕರ್ಕೊಂಡ್ ಹೋಗಿದ್ದೆ, ಎರಡು ದಿನ. ನದ್ಯಾಗ ಜಳಕ ಮಾಡಿದ್ವಿ. ಬಳಿ ಇಡಿಸಿಕೊಂಡಳು."

ಪಂಢರಾಪುರ ಸೊಲ್ಲಾಪುರ ಜಿಲ್ಲೆ. ಮಹಾರಾಷ್ಟ್ರವನ್ನು ಒತ್ತಿದೆ, ಬಣ್ಣ ಬಂತು. ಕಾಕಾ ಫೋನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ತೆಲಂಗಾಣ, ಗೋವಾ?" ಅಂದೆ.

"ಅವು ಖಾಲಿ ಇರ್ಲಿ ಬಿಡು."