ಸೆರಗಿನ ಹಿಂಬದಿ

ಪ್ರೀತಿಯ ಅವ್ವ,

ಕಣ್ಣಿಗೆ ಔಷಧಿ ತಪ್ಪದೆ ಹಾಕಿಕೊಳ್ಳುತ್ತಿದ್ದೀ ತಾನೆ? ದೀಪ ಹಚ್ಚಿದ ಮೇಲೆ ಕಸೂತಿ ಹಿಡಿದು ಕೂಡಬೇಡ.

ಮೊನ್ನೆ ಫ್ರಾನ್ಸಿನ ಆಂಜೆ ಊರಿನ ಕೋಟೆ ನೋಡಿ ಬಂದೆ. ನೋಡುವಾಗೆಲ್ಲ ನೀನೇ ನೆನಪಾದೆ. ಒಳಗೊಂದು ಉದ್ದನೆಯ ಮಬ್ಬುಗತ್ತಲೆಯ ಕೋಣೆ. ಬೆಳಕಿಗೆ ಬಣ್ಣ ಹೋಗಬಾರದೆಂದು ಹಾಗೆ ಇಟ್ಟಿದ್ದಾರೆ. ಗೋಡೆ ತುಂಬ ಉಣ್ಣೆಯ ಚಿತ್ರಪರದೆಗಳು, ಸುಮಾರು ನೂರು ಮೀಟರ್! ಟ್ಯಾಪೆಸ್ಟ್ರಿ ಅನ್ನುತ್ತಾರೆ. ಸೂಜಿಯ ಕೆಲಸವಲ್ಲ, ಮಗ್ಗದ್ದು. ಹೊಕ್ಕಿನ ಬಣ್ಣದ ಎಳೆಗಳೇ ಹಾಸನ್ನು ಪೂರ್ತಿ ಮುಚ್ಚಿ ಚಿತ್ರವಾಗುತ್ತವೆ. ಆಂಜುವಿನ ಡ್ಯೂಕ್ ಒಂದನೇ ಲೂಯಿ 1370ರ ದಶಕದಲ್ಲಿ ಮಾಡಿಸಿದ್ದು. ಬೈಬಲ್ಲಿನ ಕೊನೆಯ ಪುಸ್ತಕದ ಕಥೆ: ಏಳು ಹೆಡೆಯ ಘಟಸರ್ಪ, ಕಹಳೆ ಊದುವ ದೇವದೂತರು, ಅದನ್ನೆಲ್ಲ ಪಕ್ಕದಲ್ಲಿ ನಿಂತು ನೋಡುವ ಸಂತ ಯೋಹಾನ.

ಅವ್ವ, ಅದರ ಹಿಂಬದಿಯಲ್ಲೂ ಗಂಟಿಲ್ಲ, ಜೋತುಬಿದ್ದ ಎಳೆಯಿಲ್ಲ. ನಿನ್ನ ಕಸೂತಿಯ ಗವಂತಿ ಹೊಲಿಗೆಯ ಹಾಗೆ ಎರಡೂ ಬದಿ ಒಂದೇ. ಬಣ್ಣ ಮಾತ್ರ ಬೇರೆ: ಮುಂಬದಿಯಲ್ಲಿ ಹಳದಿ ಇಳಿದುಹೋಗಿ ಹಸಿರು ಎಲೆಗಳು ನೀಲಿಗೆ ತಿರುಗಿವೆ. ಬೆಳಕು ಕಾಣದ ಹಿಂಬದಿಯಲ್ಲಿ ಇನ್ನೂ ಹಸಿರಾಗಿಯೇ ಇವೆ. ನಾನು ಹೊಲಿದು ತಂದಾಗ ನೀನು ಸೆರಗು ತಿರುವಿ ಹಿಂದಿನದನ್ನೇ ಮೊದಲು ನೋಡುತ್ತಿದ್ದೆ, ಗಂಟು ಕಂಡರೆ ಬಿಚ್ಚಿಸುತ್ತಿದ್ದೆ. ಆಗ ಸಿಟ್ಟು ಬರುತ್ತಿತ್ತು. ಅಲ್ಲಿ ನಿಂತಾಗ ನಿನ್ನ ಬಗ್ಗೆ ಹೆಮ್ಮೆಯಿಂದ ಗಂಟಲು ಕಟ್ಟಿತು.

ಫ್ರಾನ್ಸಿನ ಕ್ರಾಂತಿಯ ಹೊತ್ತಿನಲ್ಲಿ ಇದನ್ನು ತುಂಡು ಮಾಡಿದರಂತೆ. ಕುದುರೆ ಲಾಯಕ್ಕೆ ಕಟ್ಟಿದರು, ಚಳಿಗೆ ಕಿತ್ತಳೆ ಗಿಡಗಳಿಗೆ ಹೊದಿಸಿದರು. ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. 1848ರಿಂದ ಜೂಬೇರ್ ಎಂಬ ಪಾದ್ರಿ ಉಳಿದ ತುಂಡುಗಳನ್ನು ಕೂಡಿಸಿ, ರಿಪೇರಿ ಮಾಡಿಸುತ್ತ ವರ್ಷಗಟ್ಟಲೆ ದುಡಿದ. ಆದರೂ ಎಷ್ಟೋ ಚಿತ್ರಗಳು ಸಿಗಲೇ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ನಿನ್ನ ಮದುವೆಯ ಚಂದ್ರಕಾಳಿ ಸೀರೆಯನ್ನು ಕತ್ತರಿಸಿ ದಿಂಬಿನ ಕವರು ಮಾಡೋಣ ಎಂದು ಯಾರು ಕೇಳಿದರೂ ಒಪ್ಪಬೇಡ. ಟ್ರಂಕಿನಲ್ಲಿ ಒಂದೇ ಮಡಿಕೆಯಲ್ಲಿ ಬಿಡಬೇಡ, ಮಡಿಸಿದಲ್ಲೇ ಎಳೆ ಮುರಿಯುತ್ತದೆ. ಹಳೆಯ ಮೆತ್ತನೆ ಧೋತರದಲ್ಲಿ ಸುತ್ತಿಡು, ಬಿಸಿಲಿಗೆ ಹಾಕಬೇಡ, ನೆರಳಲ್ಲೇ ಗಾಳಿಗೆ ಬಿಚ್ಚು. ಅದರ ಮೇಲೆ ಕಸೂತಿಯಲ್ಲಿ ಹೊಲಿದ ಆ ತೇರು, ಆ ತುಳಸಿಕಟ್ಟೆ ಹಾಗೆಯೇ ಇರಬೇಕು.

ದೀಪಾವಳಿಗೆ ಬರುತ್ತೇನೆ. ಕಸೂತಿಯ ಮುರಗಿ ಹೊಲಿಗೆ ನನಗೆ ಪೂರ್ತಿ ಬರುವುದಿಲ್ಲ, ಮೊದಲಿನಿಂದ ಹೇಳಿಕೊಡು. ಪುಟ್ಟಿಯೂ ಕಲಿಯುತ್ತೇನೆ ಅನ್ನುತ್ತಿದ್ದಾಳೆ. ಅವಳಿಗೊಂದು ದಪ್ಪ ಎಳೆಯ ಬಟ್ಟೆ ತೆಗೆದಿಡು.

ನಿನ್ನ ಮಗಳು