ಸ್ಪೋರ್ಟ್ಸ್ ಕಾರು: ಮೂರನೇ ಪ್ರಶ್ನೆ

ಊರ ಹಬ್ಬಕ್ಕೆ ಬೆಂಗಳೂರಿನಿಂದ ಸ್ಪೋರ್ಟ್ಸ್ ಕಾರೊಂದು ಬಂದು ಕುಂದಾಪುರದ ಶಾಸ್ತ್ರಿ ಸರ್ಕಲ್ ಬಳಿ ನಿಂತರೆ ಮೊದಲ ಪ್ರಶ್ನೆ, "ಹ್ವಾಯ್, ಎಷ್ಟ್ ಬಿತ್ತ್?" ಎರಡನೆಯದು, "ಮೈಲೇಜ್ ಎಷ್ಟ್ ಕೊಡತ್ತ್?" ಮಾರಿದರೆ ಎಷ್ಟು ಸಿಕ್ಕೀತು ಅಂತ ಯಾರೂ ಕೇಳುವುದಿಲ್ಲ.

ಶೋರೂಂ ಬೆಲೆ 80 ಲಕ್ಷ ಅಂತಿಟ್ಟುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ. 18. ಸೆಸ್ ಬಿಟ್ಟೇ 14.40 ಲಕ್ಷ. ವಿಮೆಯವರು ಐಡಿವಿ (ಕಾರಿನ ವಿಮಾ ಮೌಲ್ಯ) ಕಟ್ಟುವಾಗ ಈ ದುಡ್ಡನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರ ಪಟ್ಟಿಯಲ್ಲಿ ಮೊದಲ ಆರು ತಿಂಗಳೊಳಗೇ ಶೇ. 5 ಸವಕಳಿ, ವರ್ಷದೊಳಗೆ 15, ಮೂರನೇ ವರ್ಷಕ್ಕೆ 30. ಉಳಿದದ್ದು 56 ಲಕ್ಷ. ತೆರಿಗೆಯೂ ಸೇರಿ 38 ಲಕ್ಷ ಕರಗಿತು. ಅಂದರೆ ತಿಂಗಳಿಗೆ ಲಕ್ಷದ ಮೇಲೆ! ಪೆಟ್ರೋಲ್, ಸರ್ವಿಸ್, ಟಯರ್ ಬೇರೆ.

ಇಷ್ಟಕ್ಕೂ ಓಡಿಸುವುದೆಲ್ಲಿ? ಬ್ರಹ್ಮಾವರದಿಂದ ಬೈಂದೂರಿಗೆ ಹೆದ್ದಾರಿಯೇನೋ ಇದೆ. ನಡುವೆ ಸಾಸ್ತಾನದ ಟೋಲ್, ಮರವಂತೆಯಲ್ಲಿ ಸೆಲ್ಫಿಗೆ ನಿಂತವರು. ಒಳರಸ್ತೆಗೆ ತಿರುಗಿದರೆ ಮೊದಲ ಹಂಪಿಗೇ ತಳ ಉಜ್ಜುತ್ತದೆ. ಮಳೆಗಾಲವಿಡೀ ಟಾರ್ಪಾಲು ಹೊದ್ದು ಕೂತಿದ್ದರೂ ಸವಕಳಿಗೆ ರಜೆಯಿಲ್ಲ.

ಆಸೆ ತಪ್ಪಲ್ಲ. ಮೂರು ವರ್ಷ ಹಳೆಯ, ಕಡಿಮೆ ಓಡಿದ ಗಾಡಿ ನೋಡಿ. ದೊಡ್ಡ ಪೆಟ್ಟನ್ನು ಮೊದಲ ಮಾಲೀಕರು ತಿಂದಾಗಿರುತ್ತದೆ. ಕಡಲ ಬದಿಯ ಗಾಡಿಯಾದರೆ ಲಿಫ್ಟಿಗೇರಿಸಿ ತಳದ ತುಕ್ಕು ಪರೀಕ್ಷಿಸಿ. ಹೊಸದೇ ಬೇಕೆಂದರೆ 'ಹೂಡಿಕೆ' ಎಂದು ಮನೆಯವರಿಗೆ ಸುಳ್ಳು ಹೇಳದೆ, ಖರ್ಚು ಅಂತಲೇ ಬರೆದಿಟ್ಟು ಖುಷಿಯಾಗಿ ಓಡಿಸಿ.