ಹೊರಗಿಂದ ಒಳಗನ್ನು ಹುಡುಕುವುದು

ಶಾಮ್‌ಬರ್ಗ್‌ನಿಂದ ಪೂರ್ವಕ್ಕೆ ಹೊರಟಿದ್ದೀರಿ. ವುಡ್‌ಫೀಲ್ಡ್ ಮಾಲ್ ಹಿಂದೆ ಉಳಿಯಿತು. ಐ-290 ಹೆದ್ದಾರಿ ಓಕ್ ಪಾರ್ಕ್ ದಾಟಿದ ಮೇಲೆ ಬ್ಲೂ ಲೈನ್ ರೈಲು ರಸ್ತೆಯ ನಡುವೆಯೇ ಓಡತೊಡಗುತ್ತದೆ. ಅದರ ಹಳಿಯಲ್ಲಿ ಹರಿಯುವ ಕರೆಂಟು ಸುತ್ತಲೆಲ್ಲ ಕಾಂತಕ್ಷೇತ್ರ ಚೆಲ್ಲುತ್ತದೆ; ಅದು ನೆನಪಿರಲಿ. ಪೇಟೆ ಹತ್ತಿರವಾದಂತೆ ಬಲಗಡೆ ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೊ ಆವರಣ ಕಾಣುತ್ತದೆ. ಅಲ್ಲಿ ಇಳಿಯಿರಿ, ಇಸವಿ 1968 ಎಂದುಕೊಳ್ಳಿ.

ಆವರಣ ಶುರುವಾಗಿ ಮೂರೇ ವರ್ಷ. ಭೌತವಿಜ್ಞಾನಿ ಡೇವಿಡ್ ಕೋಹೆನ್ ಇಲ್ಲಿ ಲೋಹದ ಪದರದ ಮೇಲೆ ಪದರ ಕೊಟ್ಟು ಒಂದು ಕೋಣೆ ಕಟ್ಟಿಕೊಂಡಿದ್ದಾರೆ. ಊರಿನ ಕಾಂತೀಯ ಗದ್ದಲ ಒಳಗೆ ಬರಬಾರದು. ಬೀಗದಕೈ, ಬೆಲ್ಟು, ಕೈಗಡಿಯಾರ ಹೊರಗಿಟ್ಟು ನೀವು ಒಳಗೆ ಕೂರುತ್ತೀರಿ. ನೆತ್ತಿಗೆ, ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ತಂತಿ ಅಂಟಿಸುತ್ತಾರೆ. ತಲೆಯ ಪಕ್ಕದಲ್ಲಿ, ತಲೆಗೆ ತಾಗದ ಹಾಗೆ, ತಾಮ್ರದ ಸುರುಳಿ ನಿಲ್ಲಿಸುತ್ತಾರೆ: ಹತ್ತು ಲಕ್ಷ ಸುತ್ತು. ಬಾಗಿಲು ಮುಚ್ಚುತ್ತದೆ. ಕಣ್ಣು ಮುಚ್ಚಿ, ಆದರೆ ನಿದ್ದೆ ಮಾಡಬೇಡಿ.

ರೆಪ್ಪೆ ಕೂಡುತ್ತಲೇ ತಲೆಯ ಹಿಂಭಾಗದಲ್ಲಿ ಆಲ್ಫಾ ಅಲೆ ಏಳುತ್ತದೆ, ಸೆಕೆಂಡಿಗೆ ಎಂಟರಿಂದ ಹದಿಮೂರು ಬಾರಿ. ಅದು ಹೊರಗೆ ಹುಟ್ಟಿಸುವ ಕಾಂತಕ್ಷೇತ್ರ ಭೂಮಿಯದರ ಸುಮಾರು ಐವತ್ತು ಕೋಟಿಯಲ್ಲಿ ಒಂದು ಪಾಲು. ಒಂದೇ ಅಲೆಯನ್ನು ಹಿಡಿಯಹೋದರೆ ಸುರುಳಿಯ ಸ್ವಂತ ಗದ್ದಲದಲ್ಲೇ ಅದು ಮುಳುಗಿಹೋಗುತ್ತದೆ. ಕೋಹೆನ್ ಮಾಡಿದ್ದು ಇಷ್ಟು: ಅಲೆ ಯಾವಾಗ ಎದ್ದಿತೆಂದು ಇಇಜಿ ಹೇಳುತ್ತದೆ, ಆ ಗಳಿಗೆಗೆ ಸರಿಹೊಂದಿಸಿ ಸುರುಳಿಯ ದಾಖಲೆಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗುವುದು. ಅಲೆ ಪ್ರತಿ ಸಲವೂ ಅದೇ ಜಾಗದಲ್ಲಿ ಬೀಳುವುದರಿಂದ ಬೆಳೆಯುತ್ತದೆ. ಗದ್ದಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬಂದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆದರೆ ಲೆಕ್ಕ ಬಹಳ ಬಿಗಿ. ನೂರು ಸಲ ಕೂಡಿಸಿ ಸರಾಸರಿ ತೆಗೆದರೆ ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ನೂರನೇ ಒಂದಕ್ಕೆ ಇಳಿಸಲು ಹತ್ತು ಸಾವಿರ ಸಲ ಬೇಕು. ಅಷ್ಟು ಹೊತ್ತು ನೀವು ಅಲುಗಾಡದೆ ಕೂತಿರಬೇಕು. ಹೀಗೆ ಸಿಕ್ಕ ಮಸುಕು ಗೆರೆಯೇ ಮಿದುಳಿನ ಮೊದಲ ಕಾಂತೀಯ ದಾಖಲೆ, ಎಂಇಜಿ. ಆ ವರ್ಷವೇ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸುರುಳಿಗಿಂತ ಸೂಕ್ಷ್ಮವಾದ ಉಪಕರಣ ಆಗಲೇ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಹುಟ್ಟಿತ್ತು. ಫೋರ್ಡ್ ಕಾರು ಕಂಪನಿಯ ಪ್ರಯೋಗಾಲಯದಲ್ಲಿ 1964ರಲ್ಲಿ ರೂಪುಗೊಂಡ ಸ್ಕ್ವಿಡ್ ಅದು. ಅಲ್ಲಿದ್ದ ಜೇಮ್ಸ್ ಜಿಮ್ಮರ್‌ಮನ್ ಮುಂದೆ ಎಂಐಟಿಯಲ್ಲಿ ಕೋಹೆನ್ ಜೊತೆ ಸೇರಿ ಹೃದಯದ ಕಾಂತಕ್ಷೇತ್ರವನ್ನು ಅದರಿಂದ ಅಳೆದರು.

ಗದ್ದಲದ ಕತೆ ಇಷ್ಟಾಯಿತು. ಅದಕ್ಕಿಂತ ದೊಡ್ಡ ತೊಡಕನ್ನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ತೋರಿಸಿದ್ದರು: ಹೊರಮೈಯಲ್ಲಿ ಎಷ್ಟೇ ಚೊಕ್ಕವಾಗಿ ಅಳೆಯಿರಿ, ಅದೇ ಅಳತೆಯನ್ನು ಕೊಡಬಲ್ಲ ಒಳಗಿನ ಕರೆಂಟುಗಳ ಜೋಡಣೆ ಒಂದಲ್ಲ, ಲೆಕ್ಕವಿಲ್ಲದಷ್ಟು. ಪಕ್ಕದ ಮನೆಯ ಒಗ್ಗರಣೆ ಘಮದಿಂದ ಒಲೆ ಯಾವ ಮೂಲೆಯಲ್ಲಿದೆ ಎಂದು ಹೇಳಹೊರಟ ಹಾಗೆ. ಎದೆಯ ಮೇಲೆ ವಿ1ರಿಂದ ವಿ6ರವರೆಗೆ ಅಂಟಿಸಿಕೊಂಡು ಇಸಿಜಿ ತೆಗೆಸಿಕೊಂಡವರೆಲ್ಲ ಈ ಸಮಸ್ಯೆಯೊಳಗೆ ಒಮ್ಮೆ ಮಲಗಿ ಬಂದವರೇ. ಆ ‘ವಿ’ ಲೀಡುಗಳಿಗೆ ನೆಲೆ ಒದಗಿಸಿದ್ದು ಡೆಟ್ರಾಯಿಟ್‌ಗೆ ಹತ್ತಿರದ ಆನ್ ಆರ್ಬರ್‌ನ ಫ್ರಾಂಕ್ ವಿಲ್ಸನ್. 1934ರಲ್ಲಿ ಅವರು ಎರಡು ಕೈ, ಒಂದು ಕಾಲಿನ ತಂತಿಗಳನ್ನು ರೆಸಿಸ್ಟರುಗಳ ಮೂಲಕ ಒಂದೆಡೆ ಕೂಡಿಸಿ, ಎದೆಯ ಅಳತೆಗೆ ಹೋಲಿಕೆಯ ಬಿಂದುವೊಂದನ್ನು ಕೊಟ್ಟರು.

ಈಗ ಇಂದಿನ ಎಂಇಜಿ ಕುರ್ಚಿಗೆ ಬನ್ನಿ. ದ್ರವ ಹೀಲಿಯಂನಲ್ಲಿ ತಣ್ಣಗಿಟ್ಟ ನೂರಾರು ಸ್ಕ್ವಿಡ್‌ಗಳ ಹೆಲ್ಮೆಟ್ ತಲೆಯ ಮೇಲಿದೆ. ಕಂಪ್ಯೂಟರಿಗೆ ನಿಮ್ಮ ತಲೆಯ ಎಂಆರ್‌ಐ ಕೊಟ್ಟಿದ್ದಾರೆ. ಕರೆಂಟು ಮಿದುಳಿನ ಹೊರಪದರದಲ್ಲೇ ಇರಲಿ, ಆದಷ್ಟು ಕಡಿಮೆ ಇರಲಿ ಎಂಬ ಕಟ್ಟುಪಾಡನ್ನೂ ಹಾಕಿದ್ದಾರೆ. ಕಟ್ಟು ಸಡಿಲವಾದರೆ ಅಳತೆಯಲ್ಲಿ ಉಳಿದ ಚೂರು ಗದ್ದಲವೇ ಹಿಗ್ಗಿ, ಇಲ್ಲದ ಮೂಲಗಳನ್ನು ತೋರಿಸುತ್ತದೆ. ಅತಿ ಬಿಗಿಯಾದರೆ ನಿಜವಾದ ಮೂಲವೇ ಹರಡಿ ಮಸುಕಾಗುತ್ತದೆ. ಎಷ್ಟು ಬಿಗಿ ಎಂಬುದರಲ್ಲೇ ಈ ಕಸುಬಿನ ಪಳಗಿದ ಕೈ ಕಾಣುವುದು. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಮೊರಾನ್, ಬೋಯರ್, ಟೆಪ್ಲಿ 2005ರಲ್ಲಿ ಪ್ರಕಟಿಸಿದ ಎಂಆರ್-ಫೋಕಸ್ ವಿಧಾನ ಈ ಹದವನ್ನೇ ಅರಸುತ್ತದೆ: ವಿಶಾಲವಾದ ಮೂಲಗಳಿಂದಲೂ ಆರಂಭಿಸಿ, ಸಾಕ್ಷ್ಯ ಇರುವಲ್ಲಿ ಚಿಕ್ಕದಕ್ಕೆ ಇಳಿಯುತ್ತದೆ.

ಪರದೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ನೋಡಿದೊಡನೆ ನಂಬಬೇಕೆನಿಸುತ್ತದೆ. ಆದರೆ ಅದು ಫೋಟೊ ಅಲ್ಲ, ಕಟ್ಟುಪಾಡುಗಳ ಮೇಲೆ ನಿಂತ ಅಂದಾಜು. ಮೂರ್ಛೆರೋಗಿಯ ಕುಟುಂಬಕ್ಕೆ, ಫಿಟ್ಸ್ ಹುಟ್ಟುವ ಜಾಗವೆಂದು ಆ ಚುಕ್ಕೆ ತೋರಿಸುವಾಗ ಈ ಮಾತನ್ನೂ ಹೇಳಲೇಬೇಕು ಎಂದು ನನ್ನ ಹಠ. ಶಿಕಾಗೊ ಆಗಲಿ, ಎಂಇಜಿ ಇರುವ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಗಲಿ, ಚುಕ್ಕೆಯೊಂದನ್ನೇ ನಂಬಿ ಕತ್ತರಿ ಹಿಡಿಯುವುದಿಲ್ಲ. ಫಿಟ್ಸ್ ಬಂದಾಗಿನ ವಿಡಿಯೊ, ಎಂಆರ್‌ಐ, ಇಇಜಿ ಎಲ್ಲವನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡುತ್ತಾರೆ. ಅವು ಬೇರೆ ಬೇರೆ ದಿಕ್ಕು ತೋರಿಸಿದರೆ ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು, ಎಲೆಕ್ಟ್ರೋಡನ್ನು ಮಿದುಳಿನೊಳಗೇ ಇಳಿಸಿ ಅಳೆಯುತ್ತಾರೆ.